ಜುಲೇಖಾಬಿಯ ಇಪ್ಪತ್ತೊಂದು ದಿನಗಳು

ಬೆಳಿಗ್ಗೆ ಕಣ್ಣುಜ್ಜಿಕೊಳ್ಳುವ ಮೊದಲೇ ಶೈಲಶ್ರೀ ಬಾಜು ಮಲಗಿದ ಮಗಳ ಮುಖ ನೋಡುತ್ತಾಳೆ. ರೆಪ್ಪೆಗಳು ನಿನ್ನೆಗಿಂತ ದಪ್ಪಗಾಗಿವೆಯೇ? ಕೆನ್ನೆ ಉಬ್ಬಿದೆಯೇ? ಮಲಗೆದ್ದ ಆರು ವರ್ಷದ ಮಗುವಿನ ಕೆನ್ನೆ ಉಬ್ಬದೆ ಇನ್ನೇನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಹೇಳಿಕೊಂಡ ಮೇಲೂ ಬೆರಳ ತುದಿಯಿಂದ ಕಣ್ಣಿನ ಕೆಳಗೆ ಒಮ್ಮೆ ಒತ್ತುತ್ತಾಳೆ. ಆಮೇಲೆ ಪಾದದ ಮೇಲೆ. ಆಮೇಲೆ ಎದೆಗೆ ಕಿವಿಯಿಟ್ಟು ಬಡಿತ ಎಣಿಸಲು ಹೋಗಿ, ಎಷ್ಟಿರಬೇಕೆಂಬುದು ನೆನಪಾಗದೆ, ಮೊಬೈಲಿನಲ್ಲಿ ಹುಡುಕಿ, ಹುಡುಕಿದ್ದರಿಂದಲೇ ಮತ್ತಷ್ಟು ಗಾಬರಿಯಾಗಿ ಹಾಸಿಗೆಯಿಂದ ಏಳುತ್ತಾಳೆ.

ಬಚ್ಚಲಿನಲ್ಲಿ ಇನ್ನೊಂದು ಪರೀಕ್ಷೆ. ಬಿಳಿ ಪ್ಲಾಸ್ಟಿಕ್ ಕಪ್ಪಿನಲ್ಲಿ ಮಗಳ ಉಚ್ಚೆ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನೋಡುವುದು.

"ಡೇರಿಯಂವ ಹಾಲು ನೋಡಿದಂಗ ನೋಡ್ತೀಯಲ್ಲ ಮಮ್ಮಿ," ಎಂದಳು ವಚನಾ ಆ ದಿನ. "ಫ್ಯಾಟ್ ಎಷ್ಟ ಐತಿ?"

ಶೈಲಶ್ರೀಗೆ ನಗು ಬರಲಿಲ್ಲ. ಬಣ್ಣ ತಿಳಿ ಹಳದಿಯೇ ಇತ್ತು, ಚಹಾದ ಬಣ್ಣ ಇರಲಿಲ್ಲ. ಒಂದು ದಿನದ ಮಟ್ಟಿಗೆ ಉಸಿರು ಬಿಟ್ಟಳು. ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವಷ್ಟರಲ್ಲಿ ವಚನಾ ಒಂದು ಕಾಲು ಎತ್ತಿ ಹಿಡಿದು, "ಮಮ್ಮಿ, ಮೊಣಕಾಲು ಮತ್ತ ನೋಯ್ತೈತಿ," ಎಂದಳು.

ನಿನ್ನೆಯೂ ಹೇಳಿದ್ದಳು. ನಿನ್ನೆ ಹೊಲದಲ್ಲಿ ಕಡಲೆ ಕೀಳುವವರ ಹಿಂದೆ ಹೊತ್ತೆಲ್ಲ ಓಡಾಡಿ, ಕಟ್ಟೆಯಿಂದ ಹಾರಿ, ಹಸಿ ಕಡಲೆಯ ಸುಲಗಾಯಿ ಸುಟ್ಟ ಬೂದಿ ಮುಖಕ್ಕೆಲ್ಲ ಮೆತ್ತಿಕೊಂಡು ಬಂದಿದ್ದಳು. ಅಂಥ ಮಗುವಿನ ಕಾಲು ನೋಯುವುದು ಸಹಜವಲ್ಲವೇ? ಬೇರೆ ಯಾವ ವರ್ಷವಾದರೂ ಶೈಲಶ್ರೀ ಹಾಗೆಂದು ಒಂದಿಷ್ಟು ಎಣ್ಣೆ ತಿಕ್ಕಿ ಬಿಡುತ್ತಿದ್ದಳು. ಈ ಫೆಬ್ರುವರಿಯಲ್ಲಿ ಹಾಗೆ ಬಿಡಲು ಅವಳಿಂದ ಆಗುತ್ತಿರಲಿಲ್ಲ.

ಜ್ವರ ಬಂದು ಅಂದಿಗೆ ಹದಿನೆಂಟು ದಿನ. ಮೊದಲ ದಿನ ಗಂಟಲು ನೋವು, ಮೈ ಕೆಂಡ. ಎರಡನೆಯ ದಿನ ಕುತ್ತಿಗೆ, ಎದೆ, ಬಗಲುಗಳಲ್ಲಿ ಕೆಂಪು ಗಂದೆ. ಕೈಯಾಡಿಸಿದರೆ ಉಸುಕಿನ ಕಾಗದದ ಹಾಗೆ ಒರಟು. ನಾಲಗೆಯ ಮೇಲೂ ಕೆಂಪು ಗುಳ್ಳೆ. ಗಂಡ ಕಾಶಿನಾಥ ಕಡಲೆ ರಾಶಿಯ ಮಷಿನ್ ತೆಗೆದುಕೊಂಡು ಮೊರಬದ ಕಡೆ ಹೋಗಿದ್ದ, ಸುಗ್ಗಿ ಮುಗಿಯುವವರೆಗೂ ಊರೂರು ತಿರುಗುವವನು. ಶೈಲಶ್ರೀ ಒಬ್ಬಳೇ ಮಗಳನ್ನು ಎತ್ತಿಕೊಂಡು ಶಲವಡಿಯಿಂದ ನವಲಗುಂದದ ಬಸ್ಸು ಹತ್ತಿದ್ದಳು. ಅಲ್ಲಿ ಮಕ್ಕಳ ಡಾಕ್ಟರು ಶಗುಫ್ತಾ ಅವರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ಸ್ಕಾರ್ಲೆಟ್ ಫೀವರ್ ಎಂದು ಚೀಟಿಯಲ್ಲಿ ಬರೆದಿದ್ದರು.

"ಇದು ಗಂಟಲಿನ ಸೋಂಕಿನಿಂದ ಬರೂದು. ಎರಡ್ಮೂರು ದಿನಕ್ಕ ಜ್ವರ ಇಳಿತೈತಿ, ಕೂಸು ಆಡಾಕ ಓಡ್ತೈತಿ. ಅವಾಗನ ಅವ್ವಂದಿರು ಔಷಧ ಬಿಟ್ಟಬಿಡ್ತಾರ. ನೀವು ಬಿಡಬ್ಯಾಡ್ರಿ. ಹತ್ತ ದಿನಾ ಅಂದ್ರ ಹತ್ತ ದಿನಾ."

"ಬಿಟ್ರ ಏನಾಗತೈತ್ರಿ ಮೇಡಂ?"

"ಗಂಟಲದಾಗ ರೋಗದ ಜಂತು ಉಳೀತು ಅಂದ್ರ, ಅದರ ಜೋಡಿ ಬಡದಾಡಾಕ ಹೋಗಿ ಮೈ ತನ್ನ ಕೀಲಿಗೆ, ತನ್ನ ಹೃದಯಕ್ಕ ತಾನ ಕೈ ಹಚ್ಚತೈತಿ. ಎರಡ್ಮೂರು ವಾರ ಆದ ಮ್ಯಾಲೆ. ಒಮ್ಮೊಮ್ಮೆ ಕಿಡ್ನಿಗೂ ತ್ರಾಸ ಆಗತೈತಿ. ಎಲ್ಲಾ ಮಕ್ಕಳಿಗೂ ಆಗೂದಿಲ್ಲ, ಭಾಳ ಕಡಿಮಿ ಮಂದಿಗೆ. ಖರೆ ಯಾರಿಗಂತ ಮೊದಲ ಹೇಳಾಕ ಬರೂದಿಲ್ಲ. ಮುಖ ಬಾತ್ರ, ಉಚ್ಚಿ ಚಹಾದಂಗ ಕಂಡ್ರ, ಕೀಲು ನೋವಂದ್ರ, ದಮ್ಮು ಹತ್ತಿದ್ರ ನಂಗ ಫೋನ್ ಮಾಡ್ರಿ." ಚೀಟಿಯ ಮೇಲೆ ತಮ್ಮ ನಂಬರ್ ಬರೆಯುತ್ತ ಡಾಕ್ಟರು ನಕ್ಕಿದ್ದರು. "ನೀವು ಬಿ.ಎಸ್ಸಿ. ಓದೀರಿ ಅಂದ್ರಿ. ನಿಮ್ಮಂಥ ಅವ್ವಂದಿರು ಬಂದ್ರ ನನ್ನ ಅರ್ಧ ಕೆಲಸ ಆದಂಗ."

ಆ ಮಾತು ಶೈಲಶ್ರೀಗೆ ಆಗ ಅಗದಿ ಹಿತವಾಗಿತ್ತು. ಈಗ ಅದೇ ಮಾತು ಅವಳ ಬಾಯಿ ಕಟ್ಟಿತ್ತು.

ಏಕೆಂದರೆ ಮನೆಗೆ ಬಂದ ಸಂಜೆಯೇ ಅತ್ತೆ ಕಸ್ತೂರೆವ್ವ ಮೊಮ್ಮಗಳ ಅಂಗಿ ಎತ್ತಿ ನೋಡಿ, "ಡಾಕ್ಟರು ಏನರ ಅನ್ಲಿ, ಇದು ಗೊಬ್ಬರ. ಅವ್ವ ಬಂದಾಳ," ಎಂದುಬಿಟ್ಟರು. ದಡಾರಕ್ಕೆ ಊರಲ್ಲಿ ಗೊಬ್ಬರ ಎನ್ನುತ್ತಾರೆ. ಗೊಬ್ಬರವೆಂದರೆ ದೇವಿ ಮನೆಗೆ ಬಂದಂತೆ. ಬಾಗಿಲಿಗೆ ಬೇವಿನ ಟೊಂಗೆ ಬಿತ್ತು. ಒಗ್ಗರಣೆ ನಿಂತಿತು. ಅವ್ವ ಮೈಮೇಲಿರುವಾಗ ಔಷಧ ಕುಡಿಸಿದರೆ ಅವಳಿಗೆ ಸಿಟ್ಟು ಬರುತ್ತದೆ ಎಂಬುದು ಕಸ್ತೂರೆವ್ವನ ನಂಬಿಕೆ. ಬರೀ ಕೇಳಿದ ನಂಬಿಕೆಯಲ್ಲ. ಕಾಶಿನಾಥನಿಗೆ ನಾಲ್ಕು ವರ್ಷವಿದ್ದಾಗ ಗೊಬ್ಬರವಾಗಿ, ಯಾರೋ ಕೊಟ್ಟ ಗುಳಿಗೆ ನುಂಗಿಸಿ, ಅವನು ಎಂಟು ದಿನ ಕಣ್ಣು ತೆರೆದಿರಲಿಲ್ಲವಂತೆ. ಆ ಎಂಟು ದಿನ ಕಸ್ತೂರೆವ್ವ ಇನ್ನೂ ಮರೆತಿಲ್ಲ.

ನಾಲ್ಕು ದಿನ ಶೈಲಶ್ರೀ ಅಡುಗೆಮನೆಯ ಮೂಲೆಯಲ್ಲಿ ನಿಂತು ಕದ್ದು ಔಷಧ ಕುಡಿಸಿದಳು. ಐದನೆಯ ದಿನ ಅವ್ವನನ್ನು ಕಳಿಸುವ ಶಾಸ್ತ್ರ. ಬೇವು ಅರಿಷಿಣದ ನೀರು ಹೊಯ್ದು, ಮೊಸರನ್ನದ ಎಡೆ ಹಿಡಿದು, ಕಸ್ತೂರೆವ್ವ ಸೊಸೆಯ ಕೈಹಿಡಿದು ಹೇಳಿದರು: "ಶೈಲಾ, ಅವ್ವ ಸಮಾಧಾನದಿಂದ ಹೊಂಟಾಳ. ಇನ್ನ ಆ ಬಾಟ್ಲಿ ಮುಟ್ಟಬ್ಯಾಡ ನನ್ನವ್ವ." ವಚನಾ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಜ್ವರವಿಲ್ಲ, ಗಂದೆ ಮಾಸಿದೆ, ಆ ಔಷಧ ಕುಡಿಸುವಾಗಲೆಲ್ಲ ಮಗು ವಾಂತಿ ಮಾಡುತ್ತದೆ. ಶೈಲಶ್ರೀ ಹೂಂ ಎಂದಳು. ಅತ್ತೆಯ ಜಬರದಸ್ತಿಗೆ ಹೂಂ ಎಂದೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಆ ಹೂಂನಲ್ಲಿ ತನ್ನದೂ ಒಂದಿಷ್ಟು ಸೋಮಾರಿತನ ಇತ್ತೆಂದು ಅವಳಿಗೆ ಗೊತ್ತು.

ಒಂಬತ್ತನೆಯ ದಿನ ದವಾಖಾನೆಯಿಂದ ಡಾಕ್ಟರೇ ಫೋನ್ ಮಾಡಿದ್ದರು. "ಔಷಧ ನಡದೈತಿ ಅಲ್ರಿ?"

"ಹೌದ್ರಿ ಮೇಡಂ."

"ಶಭಾಶ್."

ಈಗ ಅದೇ ನಂಬರಿಗೆ ಫೋನ್ ಮಾಡಿ ಏನೆಂದು ಹೇಳುವುದು? ಮೊಣಕಾಲು ನೋವೆಂದರೆ ಅವರು ಕೇಳುವ ಮೊದಲ ಪ್ರಶ್ನೆ ಔಷಧದ್ದೇ. ಮೂರು ಸಲ ನಂಬರ್ ಒತ್ತಿ, ಮೂರು ಸಲವೂ ರಿಂಗಾಗುವ ಮೊದಲೇ ಕತ್ತರಿಸಿದ್ದಳು. ಕಾಶಿನಾಥನಿಗೆ ಹೇಳಿದರೆ ಮಷಿನ್ನಿನ ಸದ್ದಿನ ನಡುವೆ, "ಏನಾಗೂದಿಲ್ಲ ಬಿಡ ಲೇ, ಹುಡುಗಿ ಹೊಲದಾಗ ಮಂಗ್ಯಾನಂಗ ಜಿಗದಾಳ," ಎಂದಿದ್ದ.

ಅಂದು ಬೆಳಿಗ್ಗೆ ಜುಲೇಖಾಬಿಯ ಮನೆಗೆ ಹೋದದ್ದು ಶಾಲೆಯ ಸ್ಕರ್ಟಿನ ಸಲುವಾಗಿ. ಜ್ವರದಲ್ಲಿ ವಚನಾ ಸೊರಗಿ, ಸ್ಕರ್ಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಎರಡು ಓಣಿ ದಾಟಿದರೆ ಜುಲೇಖಾಬಿಯ ಮನೆ. ಶಲವಡಿಯ ಅರ್ಧ ಹೆಂಗಸರ ಕುಪ್ಪಸದ ಅಳತೆ ಅವಳ ಬಾಯಲ್ಲಿದೆ. ಯಾರು ದಪ್ಪಗಾದರು, ಯಾರು ಸಣ್ಣಗಾದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ನಲವತ್ತೆರಡು ವರ್ಷ, ತೆಳ್ಳನೆಯ ಮೈ, ಕೊರಳಲ್ಲಿ ಸದಾ ಅಳತೆಯ ಟೇಪು. ಮೂರು ವಾರಕ್ಕೊಮ್ಮೆ ಅಂಗಡಿ ಮುಚ್ಚಿ ದಾರ, ಗುಂಡಿ ತರಲು ನವಲಗುಂದಕ್ಕೆ ಹೋಗುತ್ತಾಳೆ ಎಂಬುದೂ ಊರಿಗೆಲ್ಲ ಗೊತ್ತಿತ್ತು.

"ಲಗೂನ ಕೊಡು ಶೈಲವ್ವಾ, ಹನ್ನೊಂದರ ಬಸ್ಸಿಗೆ ಹೋಗೂದೈತಿ," ಎಂದು ಜುಲೇಖಾಬಿ ಸ್ಕರ್ಟು ಕಸಿದುಕೊಂಡಳು. "ಏನ್ ಬೇ ವಚನಾ, ಸೊಂಟ ಎಲ್ಲಿ ಕಳಕೊಂಡಿ? ಇಲಿ ತಿಂತೇನು?"

"ಜ್ವರ ತಿಂತು," ಎಂದಳು ವಚನಾ. ಬಟ್ಟೆಯ ಗಂಟಿನ ಮೇಲೆ ಹತ್ತಲು ಹೋಗಿ ಇಳಿದು, "ಹತ್ತಾಕಾಗವಲ್ದು, ಮೊಣಕಾಲು ನೋಯ್ತೈತಿ."

ಕರೆಂಟಿನ ಮಷಿನ್ ಗುರ್ರೆನ್ನುತ್ತಿದ್ದುದು ಫಕ್ಕನೆ ನಿಂತಿತು.

"ಯಾವ ಜ್ವರ?" ಜುಲೇಖಾಬಿ ಕೇಳಿದ್ದು ಮಗುವನ್ನಲ್ಲ, ತಾಯಿಯನ್ನು.

ಶೈಲಶ್ರೀ ಚುಟುಕಾಗಿ ಹೇಳಿದಳು. ಗಂಟಲು, ಗಂದೆ, ಡಾಕ್ಟರು. ಬಾಟಲಿಯ ಮಾತು ಬಿಟ್ಟು.

"ಬಾ ಇಲ್ಲಿ ಕೂಸೇ. ಯಾವ ಕಾಲು?"

"ಇದು."

"ನಿನ್ನಿ ಯಾವುದಿತ್ತು?"

"ನಿನ್ನಿನೂ ಇದ."

"ಮುಂಗೈ? ಮೊಣಕೈ? ಆ ಕಾಲು?"

"ಇಲ್ಲ. ಇದೊಂದ."

ಜುಲೇಖಾಬಿ ಟೇಪು ತೆಗೆದು ವಚನಾಳ ಎರಡೂ ಮೊಣಕಾಲಿನ ಸುತ್ತಳತೆ ತೆಗೆದಳು, ಕುಪ್ಪಸದ ತೋಳಿಗೆ ತೆಗೆದ ಹಾಗೆ. ಎರಡೂ ಒಂದೇ. ಆಮೇಲೆ ಅಂಗೈ ಇಟ್ಟು ಬಿಸಿ ನೋಡಿದಳು. "ಛಲೋ ಐತಿ," ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿ, ಒಳಗಿದ್ದ ಮಗಳು ಜಾಸ್ಮಿನ್‌ಳನ್ನು ಕೂಗಿ ವಚನಾಳಿಗೆ ಶೇಂಗಾ ಉಂಡೆ ಕೊಡಿಸಿ ಅಂಗಳಕ್ಕೆ ಕಳಿಸಿದಳು. ಆಮೇಲೆ ಶೈಲಶ್ರೀಯನ್ನು ಸ್ಟೂಲಿನ ಮೇಲೆ ಕೂಡಿಸಿದಳು.

"ನಾ ನವಲಗುಂದಕ್ಕ ಯಾಕ ಹೋಗತೀನಿ ಗೊತ್ತೇನು?"

"ದಾರ ತರಾಕ."

"ದಾರಾನೂ ತರತೀನಿ. ಊರ ಮಂದಿಗೆ ಹೇಳಿದ್ದು ಸುಳ್ಳಾಗಬಾರದಲ್ಲ." ಗೋಡೆಯ ಮೇಲಿನ ಕ್ಯಾಲೆಂಡರಿಗೆ ಬೆರಳು ತೋರಿದಳು. ಅಂದಿನ ತಾರೀಖಿಗೆ ಚಾಕ್‌ಪೀಸಿನಿಂದ ಒಂದು ಗುರುತು. ಹಿಂದಿನ ಹಾಳೆ ಎತ್ತಿ ತೋರಿಸಿದಳು, ಅಲ್ಲೊಂದು. ನಡುವೆ ಇಪ್ಪತ್ತೊಂದು ದಿನ. "ಪೆನಿಸಿಲಿನ್ ಸೂಜಿ. ಹದಿನಾರನೇ ವರ್ಷದಿಂದ. ನಾನೂರು ದಾಟ್ಯಾವು. ಒಂದ ಬಾಜೂಕ ಮಾಡಿದ್ರ ಎರಡ ದಿನಾ ಆ ಬಾಜೂಕ ಕೂಡಾಕ ಬರೂದಿಲ್ಲ. ಅದಕ್ಕ ನೋಡು ಈ ಸ್ಟೂಲಿಗೆ ಇಷ್ಟ ದಪ್ಪ ಗಾದಿ."

ಏಳು ವರ್ಷದಿಂದ ಈ ಸ್ಟೂಲಿನ ಎದುರು ನಿಂತು ಅಳತೆ ಕೊಟ್ಟ ಶೈಲಶ್ರೀಗೆ ಇದು ಗೊತ್ತಿರಲಿಲ್ಲ.

ಜುಲೇಖಾಬಿ ಹುಟ್ಟಿದ್ದು ನವಲಗುಂದದಲ್ಲಿ. ತಾಯಿ ಶಮೀಮಾಬಿ ಜಮಖಾನೆ ನೇಯುವವಳು. ಗೋಡೆಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಎಳೆ ತೂರಿಸಿ, ಕಬ್ಬಿಣದ ಹಣಿಗೆಯಿಂದ ದಬದಬ ಬಡಿದು ನವಿಲು, ಪಗಡೆ ಮೂಡಿಸುವ ಕೆಲಸ. ಆ ಮನೆಯ ಹೆಣ್ಣುಮಕ್ಕಳು ನಡೆಯಲು ಕಲಿತ ಕೂಡಲೇ ಮಗ್ಗದ ಹತ್ತಿರ ಕೂಡುತ್ತಿದ್ದರು. ಜುಲೇಖಾಳೂ ಕೂಡುತ್ತಿದ್ದಳು, ಒಂಬತ್ತನೆಯ ವರ್ಷದವರೆಗೆ.

"ನಂಗೂ ನಿನ್ನ ಮಗಳಂಗ ಆತು. ಗಂಟಲು, ಗಂದಿ. ನಮ್ಮಮ್ಮಾನೂ ಬೇವಿನ ಸೊಪ್ಪು ಹಾಸಿ ಮಲಗಿಸಿದ್ಲು. ನೀವಷ್ಟ ಅಂತ ತಿಳಕೊಂಡಿಯೇನು, ಬೇವು ಎಲ್ಲಾರ ಮನ್ಯಾಗೂ ಒಂದ. ಐದ ದಿನಕ್ಕ ಎದ್ದು ಆಡಿದೆ. ಎಲ್ಲಾರೂ ಮರತ್ರು. ಮೂರ ವಾರ ಆದಮ್ಯಾಲೆ ಬಲಗಾಲ ಮೊಣಕಾಲು ಬಾತು ಕುಂಬಳಕಾಯಿ ಆತು. ಮುಟ್ಟಿದ್ರ ಕೈ ಸುಡತಿತ್ತು, ಅರಿವಿ ತಾಕಿದ್ರ ಚೀರತಿದ್ದೆ. ನಮ್ಮಪ್ಪ ನನ್ನ ಹೊತಗೊಂಡು ಎಲುಬು ಕಟ್ಟೂ ಹೊಳೆಯಪ್ಪನ ಕಡೆ ಹೋದ."

ಹೊಳೆಯಪ್ಪ ಸುತ್ತ ಹತ್ತು ಊರಿಗೆ ಹೆಸರಾದವನು. ತತ್ತಿಯ ಬಿಳಿ, ಸೊಪ್ಪು ಹಚ್ಚಿ, ಬಿದಿರಿನ ಪಟ್ಟಿ ಇಟ್ಟು ಬಲಗಾಲು ಕಟ್ಟಿದ. ಮೂರು ದಿನದಲ್ಲಿ ಬಲಗಾಲಿನ ನೋವು ಮಾಯ. ಹೊಳೆಯಪ್ಪ ಮೀಸೆ ತಿರುವಿದ. ನಾಲ್ಕನೆಯ ದಿನ ಎಡಗಾಲಿನ ಕೀಲು ಬಾತಿತು. ಅದನ್ನೂ ಕಟ್ಟಿದ. ಅದು ಇಳಿಯಿತು, ಮುಂಗೈ ಬಾತಿತು.

"ಅಂವ ಕಟ್ಟಿದಂಗೆಲ್ಲಾ ಅದು ಓಡತಿತ್ತು. ಕಡೀಕ ಹೊಳೆಯಪ್ಪ ಕಾಕಾ ನಮ್ಮಪ್ಪಗ ಅಂದ, ನಿನ್ನ ಮಗಳ ಮೈಯಾಗ ನೋವಿಲ್ಲೋ ಬಾಬಾಸಾಬ, ಇಲಿ ಐತಿ, ಹಿಡಿಯಾಕ ಬರವಲ್ದು!" ಜುಲೇಖಾಬಿ ನಕ್ಕಳು. ನಗುತ್ತಲೇ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಒಂದ ದಿನ ತಾನ ಹೋತು. ಎಲ್ಲಾ ಕೀಲು ಬಿಟ್ಟು ಇಲ್ಲಿ ಬಂದು ಕುಂತಿತ್ತು. ಅದು ಯಾರಿಗೂ ಕಾಣಲಿಲ್ಲ."

ಕಂಡದ್ದು ಹದಿನಾರನೆಯ ವರ್ಷದಲ್ಲಿ. ಕೆರೆಯಿಂದ ಕೊಡ ಹೊತ್ತು ಬರುವಾಗ ಮೂರು ಕಡೆ ಕೂಡಬೇಕಾಗುತ್ತಿತ್ತು. ಓಣಿಯವರು ಮೈಗಳ್ಳಿ ಎಂದರು. ಮಗ್ಗದ ಹಣಿಗೆ ಎತ್ತಿ ಹತ್ತು ಸಲ ಬಡಿದರೆ ತುಟಿ ನೀಲಿಯಾಗುತ್ತಿತ್ತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ಎದೆಗೆ ಕೊಳವೆ ಹಚ್ಚಿ, ಬಹಳ ಹೊತ್ತು ಕೇಳಿ, ಶಮೀಮಾಬಿಗೆ ತಿಳಿಯುವ ಹಾಗೆ ಹೇಳಿದರು: ನಿಮ್ಮ ಹುಡುಗಿಯ ಎದೆಯಲ್ಲಿ ಒಂದು ಬಾಗಿಲಿದೆ, ಅದು ಪೂರ್ತಿ ತೆರೆಯುವುದಿಲ್ಲ, ಅಂದಿನ ಗಂಟಲು ನೋವಿಗೆ ಔಷಧ ಬಿದ್ದಿದ್ದರೆ ತೆರೆಯುತ್ತಿತ್ತು. ಇನ್ನೊಮ್ಮೆ ಅಂಥ ಸೋಂಕು ತಗುಲಿದರೆ ಬಾಗಿಲು ಇನ್ನಷ್ಟು ಕೆಡುತ್ತದೆ, ತಗುಲಬಾರದು ಎಂದರೆ ಇಪ್ಪತ್ತೊಂದು ದಿನಕ್ಕೊಮ್ಮೆ ಸೂಜಿ.

"ನಮ್ಮಮ್ಮಾ ಅಲ್ಲೇ ನೆಲಕ್ಕ ಕುಂತಬಿಟ್ಲು. ನಂಗ ಯಾರೂ ಹೇಳಲಿಲ್ಲ ಡಾಕ್ಟರ್ ಸಾಹೇಬ್ರ, ಯಾರೂ ಹೇಳಲಿಲ್ಲ ಅಂತ ಅದೊಂದ ಮಾತು. ಬಸ್ಸಿನ ತುಂಬ ಅದ. ಮನಿಗೆ ಬಂದ ಮ್ಯಾಲೂ ಅದ. ಸಾಯೂ ತನಕ ಅಂತಿದ್ಲು."

ಮಗ್ಗ ಬಿಟ್ಟು ಹೊಲಿಗೆಗೆ ಬಂದದ್ದು ಆಗ. ಕಾಲಿನಿಂದ ತುಳಿಯುವ ಮಷಿನ್ನೂ ಭಾರವಾದಾಗ ಅಣ್ಣ ಸಾಧಿಕ್ ಎಲ್ಲಿಂದಲೋ ಒಂದು ಮೋಟರ್ ತಂದು ಕೂಡಿಸಿಕೊಟ್ಟ. ಇಪ್ಪತ್ತಮೂರನೆಯ ವಯಸ್ಸಿಗೆ ತೊಡೆಯ ರಕ್ತನಾಳದಿಂದ ಬಲೂನು ತೂರಿಸಿ ಆ ಬಾಗಿಲನ್ನು ಅಗಲ ಮಾಡಿದರು. ಆ ವರ್ಷವೇ ಶಲವಡಿಯಿಂದ ಗೌಂಡಿ ಕೆಲಸದ ರಮಜಾನ್ ಹೆಣ್ಣು ನೋಡಲು ಬಂದ.

"ಮನ್ಯಾಗ ಎಲ್ಲಾರೂ ಹೇಳಬ್ಯಾಡ, ಮುಚ್ಚಿಡು ಅಂದ್ರು. ನಾ ಚಹಾ ಕೊಡಾಕ ಹೋದಾಕಿ ಹೇಳೇಬಿಟ್ಟೆ. ನಂಗ ಕೊಡ ಹೊರಾಕ ಆಗೂದಿಲ್ಲ, ಇಪ್ಪತ್ತೊಂದು ದಿನಕ್ಕೊಮ್ಮೆ ಸೂಜಿ, ಕೂಸು ಆಗಬೇಕಂದ್ರ ಮೊದಲ ಡಾಕ್ಟರನ್ನ ಕೇಳಬೇಕು ಅಂದೆ. ನಮ್ಮಮ್ಮಾ ಪಡದಿ ಹಿಂದ ಹಣಿ ಹಣಿ ಬಡಕೊಂಡ್ಲು. ಇಂವ ಚಹಾ ಪೂರಾ ಕುಡದು, ಕಪ್ಪು ಬಸಿ ಕೆಳಗಿಟ್ಟು ಅಂದ, ನಾ ಗೌಂಡಿ, ಭಾರ ಹೊರೂದು ನನ್ನ ಧಂದೆ, ನೀ ಬರೇ ಬಾ."

"ಅಷ್ಟ ಅಂದ್ರಾ?"

"ಅಷ್ಟ. ಮತ್ತ ಇವತ್ತಿಗೂ ಅಷ್ಟ ಮಾತಾಡತಾನ. ದಿನಕ್ಕ ಒಂದ ಮಾತು." ಜುಲೇಖಾಬಿಯ ಮುಖ ಕೆಂಪೇರಿತು. "ಅವನವ್ವ ಹಸನಬಿ ಒಂದ ವರ್ಷ ಒಪ್ಪಲಿಲ್ಲ. ಆಮ್ಯಾಲೆ ಅಕೀನ ನನ್ನ ಸೂಜಿ ತಾರೀಖು ನೆನಪಿಡತಿದ್ಲು. ಜಾಸ್ಮಿನ್ ಹುಟ್ಟಬೇಕಾದ್ರ ಹುಬ್ಬಳ್ಳ್ಯಾಗ ಇಬ್ಬರು ಡಾಕ್ಟರು ನಿಂತಿದ್ರು, ಹಸನಬಿ ಹೊರಗ ಕುಂತು ಮೂರ ದಿನಾ ಜಪಮಾಲಿ ಎಣಿಸಿದ್ಲು. ಈಗ ಜಾಸ್ಮಿನ್ ಒಂದ ಸಲ ಕೆಮ್ಮಿದ್ರ ಸಾಕು, ಅವರಪ್ಪ ಸ್ಕೂಟರ್ ಚಾಲೂ ಮಾಡಿ ನಿಂತಿರತಾನ. ನಾ ಛಲೋ ಅದೀನಿ ಶೈಲವ್ವಾ. ಮೆಟ್ಟಲಾ ಹತ್ತೂದು ಒಂದ ಸಾವಕಾಶ. ನೋವು ತಿಂದು ಬದುಕಿದೆ ಅಂತ ಹೇಳಾಕತ್ತಿಲ್ಲ. ನಂಗ ತಪ್ಪಿಸಬಹುದಾಗಿತ್ತು ಅಂತ ಹೇಳಾಕತ್ತೀನಿ. ನಿನ್ನ ಮಗಳು ಔಷಧ ಪೂರಾ ಕುಡದಾಳಲ್ಲ, ಮತ್ಯಾಕ ಹಂಗ ಕುಂತಿ?"

ಶೈಲಶ್ರೀಯ ಕಣ್ಣು ತುಂಬಿ ಬಂದಿತ್ತು. "ಕುಡದಿಲ್ಲ ಜುಲೇಖಕ್ಕಾ. ನಾಕ ದಿನಕ್ಕ ಬಿಡಿಸಿದೆ. ಡಾಕ್ಟರಿಗೆ ಕುಡಸಾಕತ್ತೀನಿ ಅಂತ ಸುಳ್ಳ ಹೇಳಿದೆ."

ಜುಲೇಖಾಬಿ ಬೈಯಬಹುದು ಎಂದು ಅವಳು ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು. ಜುಲೇಖಾಬಿ ಸ್ಕರ್ಟಿನ ಉಳಿದ ಹೊಲಿಗೆ ಮುಗಿಸಿ, ದಾರ ಹಲ್ಲಿನಿಂದ ಕಡಿದು, ಮಡಿಸಿ ಅವಳ ತೊಡೆಯ ಮೇಲಿಟ್ಟಳು.

"ನಮ್ಮಮ್ಮಾಗ ಯಾರೂ ಹೇಳಿರಲಿಲ್ಲ. ನಿಂಗ ಹೇಳ್ಯಾರ. ನಂಬರ್ ಸುದ್ದಾ ಕೊಟ್ಟಾರ. ಫೋನ್ ಮಾಡು."

"ಏನಂತ ಮಾಡಲಿ? ನಿಮ್ಮಂಥಾಕಿ ಬಂದ್ರ ಅರ್ಧ ಕೆಲಸ ಆದಂಗ ಅಂದಿದ್ರು."

"ಉಳದರ್ಧ ಈಗ ಮಾಡ್ಲಿ ಅವರು, ಅದಕ್ಕ ಓದ್ಯಾರ. ಅವರು ಬೈತಾರ, ನೀ ಬೈಸಿಕೋತಿ. ಬೈಗಳಕ್ಕ ಬಾವು ಬರೂದಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ನೆರಳು. ಕಸ್ತೂರೆವ್ವ ಸುಲಗಾಯಿಯ ಒಂದು ಸೂಡು ಹಿಡಿದು ನಿಂತಿದ್ದರು, ಜುಲೇಖಾಬಿಗೆಂದು ತಂದಿದ್ದು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಸೊಸೆಯ ಮುಖ ನೋಡಿದರು, ಜುಲೇಖಾಬಿಯನ್ನು ನೋಡಿದರು.

"ಬಾಟ್ಲಿ ನಾನ ಬಿಡಿಸಿದ್ದು," ಎಂದರು. "ಆಕಿಗೇನ ಅನಬ್ಯಾಡ."

"ಯಾರ್ಯಾರಿಗೂ ಏನೂ ಅನವಲ್ಲೆ, ಒಳಗ ಬಾ ಕಾಕಿ."

"ಅವ್ವಗ ಸಿಟ್ಟ ಬರತೈತಿ ಅಂತ…"

"ಅವ್ವಗ ಎಡಿ ಹಿಡದ್ಯಲ್ಲ, ಛಲೋ ಮಾಡಿದಿ. ಆಕಿ ಮೊಸರನ್ನ ಉಂಡು ಹೋದ್ಲು. ಜಂತು ಮೊಸರನ್ನಕ್ಕ ಹೋಗೂದಿಲ್ಲ ಕಾಕಿ, ಅದಕ್ಕ ಬ್ಯಾರೆ ಎಡಿ. ಇಬ್ಬರಿಗೂ ಅವರವರದು ಕೊಡಬೇಕಿತ್ತು."

ಕಸ್ತೂರೆವ್ವ ಸೂಡನ್ನು ಮೂಲೆಗಿಟ್ಟು ಹೊಸ್ತಿಲ ಮೇಲೆ ಕುಳಿತರು. ಅಂಗಳದಲ್ಲಿ ವಚನಾ ಜಾಸ್ಮಿನ್ ಜೊತೆ ಏನೋ ವಾದಕ್ಕಿಳಿದಿದ್ದಳು. ಅವಳ ಕೀಚಲು ಧ್ವನಿ ಒಳಗೆಲ್ಲ ತುಂಬಿತ್ತು.

"ಕಾಶಿ ಎಂಟ ದಿನಾ ಕಣ್ಣ ತಗದಿರಲಿಲ್ಲ," ಎಂದರು ಕಸ್ತೂರೆವ್ವ, ಸೊಸೆಗೆ ಹೇಳಿದಂತೆ. "ಅದ ಹೆದರಕಿ ನಂಗ. ಇದರದೂ ಹಂಗ ಆದ್ರ ಅಂತ."

"ನಂಗೊತ್ರಿ ಅತ್ತಿ," ಎಂದಳು ಶೈಲಶ್ರೀ. "ನಾನೂ ಹೂಂ ಅಂದೆನಲ್ರಿ."

ಆಮೇಲೆ ಕಸ್ತೂರೆವ್ವನೇ, "ಮಾಡು ಮತ್ತ. ನಿನ್ನ ಮೊಬೈಲಿನಾಗಿಂದು ನಂಗೂ ಕೇಳುವಂಗ ಮಾಡು. ಬೈದ್ರ ಇಬ್ಬರಿಗೂ ಕೂಡೇ ಬೈಲಿ," ಎಂದರು.

ಶೈಲಶ್ರೀ ನಂಬರ್ ಒತ್ತಿ ಸ್ಪೀಕರ್ ಹಾಕಿದಳು. ಬೆರಳು ಕೆಂಪು ಗುಂಡಿಯ ಕಡೆ ತಾನಾಗಿಯೇ ಸರಿಯಿತು. ಜುಲೇಖಾಬಿ ಅವಳ ಮಣಿಕಟ್ಟು ಹಿಡಿದುಕೊಂಡಳು, ಬಟ್ಟೆ ಕತ್ತರಿಸುವಾಗ ಅಂಚು ಸರಿಯದಂತೆ ಹಿಡಿಯುವ ಹಾಗೆ. ಒಂದು ರಿಂಗು. ಎರಡು. ಮೂರು.

"ಹಲೋ, ಡಾಕ್ಟರ್ ಶಗುಫ್ತಾ."

"ಮೇಡಂ, ನಾ ಶಲವಡಿ ಶೈಲಶ್ರೀ. ವಚನಾನ ಅವ್ವ." ಮುಂದಿನದು ಒಂದೇ ಉಸಿರಿಗೆ ಬಂತು. "ಮೇಡಂ, ನಾ ಅವತ್ತ ನಿಮಗ ಸುಳ್ಳ ಹೇಳಿದ್ದೆರಿ. ಔಷಧ ನಾಕ ದಿನ ಅಷ್ಟ ಕುಡಸಿದ್ದೆ. ಬಿಟ್ಟಬಿಟ್ಟೆ. ಈಗ ಎರಡ ದಿನದಿಂದ ಮೊಣಕಾಲು ನೋವು ಅನ್ನಾಕತ್ತಾಳ."

ಆ ಕಡೆ ಯಾರದೋ ಮಗು ಅಳುತ್ತಿತ್ತು. ಡಾಕ್ಟರು ಯಾರಿಗೋ ಒಂದು ನಿಮಿಷ ಎಂದರು, ಬಾಗಿಲು ಮುಚ್ಚಿದ ಸದ್ದಾಯಿತು, ಅಳು ನಿಂತಿತು.

"ಮುಖ ಬಾತೈತೇನು?"

"ಇಲ್ರಿ. ದಿನಾ ನೋಡ್ತೀನ್ರಿ."

"ಉಚ್ಚಿ?"

"ತಿಳಿ ಹಳದಿ ಐತ್ರಿ. ಅದನೂ ದಿನಾ ನೋಡ್ತೀನ್ರಿ."

"ಮೊಣಕಾಲು ಬಿಸಿ? ಬಾವು? ನೋವು ಒಂದ ಕೀಲಿಂದ ಇನ್ನೊಂದಕ್ಕ ಓಡೈತೇನು?"

"ಇಲ್ರಿ. ಈಗಷ್ಟ ಜುಲೇಖಕ್ಕಾ ಟೇಪು ಹಿಡದು ನೋಡಿದ್ರು. ಎರಡೂ ಒಂದ ಅದಾವ್ರಿ."

"ಯಾರು?" ಎಂದು ಡಾಕ್ಟರು ಕೇಳಿ, ಉತ್ತರಕ್ಕೆ ಕಾಯದೆ, "ಇರ್ಲಿ, ಛಲೋ ಮಾಡ್ಯಾರ. ಕೂಸು ಈಗ ಏನ್ ಮಾಡಾಕತ್ತೈತಿ?"

ಶೈಲಶ್ರೀ ಬಾಗಿಲಾಚೆ ನೋಡಿದಳು. ವಚನಾ ಕಟ್ಟೆಯ ಮೇಲಿಂದ ಎರಡೂ ಕಾಲು ಜೋಡಿಸಿ ಧುಮುಕಿದಳು.

"ಕಟ್ಟಿ ಮ್ಯಾಲಿಂದ ಹಾರಾಕತ್ತಾಳ್ರಿ."

ಫೋನಿನಲ್ಲಿ ಒಂದು ಸಣ್ಣ ಉಸಿರು ಕೇಳಿತು, ನಗುವೋ ನಿಟ್ಟುಸಿರೋ ತಿಳಿಯದಂಥದು.

"ಕೇಳ್ರಿ ಇಲ್ಲಿ. ನೀವು ಹೇಳೋದು ಕೇಳಿದ್ರ ಆಟದ ನೋವು ಅನಸತೈತಿ. ಆದ್ರ ನಾ ಕೈಲೆ ಮುಟ್ಟಿ, ಎದಿ ಕೇಳಿ ಹೇಳತೀನಿ, ಫೋನಿನಾಗ ಹೇಳೂದಿಲ್ಲ. ಉಚ್ಚಿ ಪರೀಕ್ಷಾ, ಬಿ.ಪಿ., ರಕ್ತದ್ದೊಂದು ಪರೀಕ್ಷಾ. ಗಂಟಲದಾಗ ಇನ್ನೂ ಉಳದಿದ್ರ ಅದಕ್ಕೂ ಈಗ ಔಷಧ ಐತಿ. ಇನ್ನ ಒಂದೆರಡ ವಾರ ಕಣ್ಣಿಟ್ಟು ನೋಡೂಣು. ಇವತ್ತ ಬರ್ರಿ. ಮತ್ತ ಶೈಲಶ್ರೀಯವರ…"

"ಹೇಳ್ರಿ."

"ಭಾಳ ಮಂದಿ ಔಷಧ ಬಿಡ್ತಾರ್ರಿ. ಬಿಟ್ಟೀನಿ ಅಂತ ಫೋನ್ ಮಾಡೋರು ಕಡಿಮಿ. ಸಿಟ್ಟ ಐತಿ ನಂಗ, ಇಲ್ಲಿ ಬಂದಾಗ ಮಾಡತೀನಿ. ಯಾವ ಬಸ್ಸಿಗೆ ಬರ್ತೀರಿ?"

ಕಸ್ತೂರೆವ್ವ ಆಗಲೇ ಎದ್ದು ಅಂಗಳಕ್ಕೆ ಹೋಗಿದ್ದರು. ವಚನಾಳನ್ನು ಕಟ್ಟೆಯಿಂದ ಇಳಿಸಿ, ಸೆರಗಿನ ತುದಿಯಿಂದ ಅವಳ ಬಾಯಿಗೆ ಮೆತ್ತಿದ ಶೇಂಗಾ ಉಂಡೆ ಒರೆಸುತ್ತ, ಡಾಕ್ಟರ ಮುಂದೆ ಹೇಗೆ ಬಾಯಿ ಅಗಲ ತೆರೆಯಬೇಕೆಂದು ತಾವೇ ತೆರೆದು ತೋರಿಸುತ್ತಿದ್ದರು.

"ಹನ್ನೊಂದರ ಬಸ್ಸಿಗೆರಿ ಮೇಡಂ," ಎಂದಳು ಶೈಲಶ್ರೀ. "ನಾಕು ಮಂದಿ ಬರ್ತೀವ್ರಿ."